ಸಹಾಯ ಬೇಕು: ‘ನೌರಸ್’ ಪ್ರದರ್ಶನದ ಕ್ಯಾಟಲಾಗ್ ಯಾರ ಹತ್ತಿರವಾದರೂ ಇದೆಯೇ?

ಎಲ್ಲರಿಗೂ ನಮಸ್ಕಾರ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 2015ರಲ್ಲಿ ದಖನ್ನಿನ ಕಲೆಗಳ ಕುರಿತು ‘ನೌರಸ್’ ಎಂಬ ಪ್ರದರ್ಶನ ನಡೆದಿತ್ತು. ಅದರ ಕ್ಯಾಟಲಾಗ್ ಹುಡುಕುತ್ತಿದ್ದೇನೆ.

ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ (ಆಳ್ವಿಕೆ 1580–1627) ಕಾಲದ ಚಿತ್ರಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ದಖನಿ ಭಾಷೆಯಲ್ಲಿ ಹಾಡು ಕಟ್ಟಿ ಸರಸ್ವತಿ, ಗಣಪತಿಯರನ್ನು ಸ್ತುತಿಸಿದ ಸುಲ್ತಾನ ಅವನು. ನಮ್ಮ ನೆಲದ್ದೇ ಆದ ಈ ಕಲೆ ನಮ್ಮವರಿಗೇ ಇಷ್ಟು ಅಪರಿಚಿತವಾಗಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಅಂತರ್ಜಾಲದಲ್ಲಿ ಚಿತ್ರಗಳೇನೋ ಸಿಗುತ್ತವೆ. ಆದರೆ ಅಳತೆ, ಸಂಗ್ರಹ ಸಂಖ್ಯೆ, ಕೃತಿ ಯಾರ ಕೈಯಿಂದ ಎಲ್ಲಿಗೆ ಬಂತು ಎಂಬ ವಿವರ ಹೆಚ್ಚಿನ ಕಡೆ ಇರುವುದಿಲ್ಲ. ಪ್ರದರ್ಶನ ಮುಗಿದೊಡನೆ ಕೃತಿಗಳು ಉಗ್ರಾಣಕ್ಕೋ, ಎರವಲು ಕೊಟ್ಟವರಿಗೋ ಮರಳಿಬಿಡುತ್ತವೆ. ಅವೆಲ್ಲ ಒಮ್ಮೆ ಅಕ್ಕಪಕ್ಕ ನಿಂತಿದ್ದವು ಎನ್ನುವುದಕ್ಕೆ ಗಟ್ಟಿ ದಾಖಲೆ ಕ್ಯಾಟಲಾಗೇ.

ಕರ್ನಾಟಕದ ಯಾವುದಾದರೂ ಗ್ರಂಥಾಲಯದಲ್ಲಿ ಕೂತು ಓದಲು ಸಿಗುವುದಾದರೆ ದಯವಿಟ್ಟು ತಿಳಿಸಿ, ಬರುತ್ತೇನೆ. ಹಳೆಯ ಪ್ರತಿ ಮಾರುವವರಿದ್ದರೆ ಕೊಳ್ಳಲೂ ಸಿದ್ಧ. ಇಡೀ ಪುಸ್ತಕದ ಸ್ಕ್ಯಾನ್ ಬೇಡ. ಬಿಜಾಪುರದ ಚಿತ್ರಗಳ ವಿವರಣೆ ಇರುವ ಪುಟಗಳನ್ನು ನೋಡಿ ಟಿಪ್ಪಣಿ ಮಾಡಿಕೊಂಡರೆ ಸಾಕು.