ನೋಡೋಕೋ, ತೋರಿಸೋಕೋ?

"ಆಂಟಿಕ್ ಮೈಕ್ರೋಸ್ಕೋಪ್ ತಗೊಂಡೆ ಕಣ್ರೋ. ಪೂರ್ತಿ ಹಿತ್ತಾಳೆ! ಟಿವಿ ಪಕ್ಕದಲ್ಲೇ ಇಟ್ಟಿದ್ದೇನೆ" ಎಂದ ರಮೇಶ.

"ಅದರಲ್ಲಿ ಏನು ಕಾಣುತ್ತೆ?" ಸೀನ ಕೇಳಿದ.

"ಅದರಲ್ಲಾ? ಏನೂ ಕಾಣಲ್ಲ. ಲೆನ್ಸ್ ಮಂಜಾಗಿದೆ. ಆದರೆ ಬಾಗಿಲಲ್ಲಿ ನಿಂತರೂ ಅದು ಕಾಣುತ್ತೆ."

"ಸರಿ, ಅದಕ್ಕೆ ಕಣ್ಣು ಕಾಣಲ್ಲ. ದಿನಾ ಹುಣಸೆಹಣ್ಣು ಹಚ್ಚಿ ಸೇವೆ ಮಾಡು."

ಮೂರ್ತಿಗೆ ಸಿಟ್ಟು ಬಂತು. "ಹಿಂದಿನವರೂ ಅಂದಕ್ಕೆ ಬೆಲೆ ಕೊಡ್ತಿದ್ದರಪ್ಪ. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನೊಳಗೆ ಜೀವಕೋಶ ಕಂಡನಲ್ಲ, ಆ ಕಾಲದಲ್ಲಿ ಮೈಕ್ರೋಸ್ಕೋಪಿನ ಕೊಳವೆಗೆ ಚರ್ಮ ಸುತ್ತಿ ಮೇಲೆ ಚಿನ್ನದ ಚಿತ್ತಾರ ಬಿಡಿಸ್ತಿದ್ದರು."

"ಒಳಗೆ ಬರೀ ರಟ್ಟು, ಮದುವೆ ಆಲ್ಬಮ್ಮಿನ ಹಾಗೆ" ಎಂದ ಸೀನ. "ಆಮೇಲೆ ಕಲ್ಪೆಪರ್ ಅನ್ನೋನ ಮಾದರಿ ಬಂತು. ಮೂರು ಕಾಲಿನ ಮೇಲೆ ಲಕ್ಷಣವಾಗಿ ನಿಂತಿರ್ತಿತ್ತು. ಸ್ಲೈಡ್ ಸರಿಸಬೇಕೆಂದರೆ ಮಾತ್ರ ಆ ಕಾಲುಗಳ ಸಂದಿಯಲ್ಲಿ ಕೈ ತೂರಿಸಬೇಕು. ಲಂಡನ್ನಿನ ಜಾನ್ ಕಫ್ 1744ರ ಸುಮಾರಿಗೆ ಆ ಕಾಲುಗಳನ್ನೇ ತೆಗೆದುಹಾಕಿದ. ಬದಿಗೊಂದು ಕಂಬ ನಿಲ್ಲಿಸಿ, ಫೋಕಸ್‌ಗೆ ನಯವಾದ ತಿರುಪು ಕೊಟ್ಟ. ಕೈಗೂ ಜಾಗ, ಕಣ್ಣಿಗೂ ಸುಖ."

"ಚೆನ್ನಾಗಿ ದುಡಿದಿರಬೇಕು."

"1750ರಲ್ಲಿ ದಿವಾಳಿ ಎದ್ದ ಪಾಪ. ಅದೇ ಊರಿನ ಜಾರ್ಜ್ ಆಡಮ್ಸ್ ನೋಡು, ಮೂರನೇ ಜಾರ್ಜ್ ದೊರೆಗೆ ಬೆಳ್ಳಿಯಲ್ಲೇ ಮಾಡಿಕೊಟ್ಟ. ಕಂಬ, ಗೊಂಬೆ, ಬಳ್ಳಿ ಎಲ್ಲಾ ಇದೆ, ಕಣ್ಣಿಡೋ ಜಾಗವನ್ನ ಹುಡುಕಿಕೋಬೇಕು. ಅವನ ಅಂಗಡಿ ಜೋರಾಗಿ ನಡೀತು!"

"ಹಾಗಾದರೆ ನಿನಗೆ ಯಾವುದು ಇಷ್ಟ?"

"ಲೇವನ್‌ಹುಕ್‌ದು. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ. ಎರಡು ಲೋಹದ ತಗಡು, ನಡುವೆ ಒಂದೇ ಪುಟ್ಟ ಮಸೂರ, ಹಿಂದೆ ನೋಡೋ ವಸ್ತು ಸಿಕ್ಕಿಸೋಕೆ ಒಂದು ಮೊಳೆ, ಅದನ್ನು ಆಡಿಸೋಕೆ ತಿರುಪು. ಅಂಗೈಯೊಳಗೆ ಮುಚ್ಚಿಹೋಗುತ್ತೆ. ಬೀಗದ ಚಿಲಕ ಅಂದುಕೊಂಡು ಗುಜರಿಗೆ ಹಾಕಿಬಿಡ್ತೀಯ. ಅಂಥದ್ದರಲ್ಲೇ ತನ್ನ ಹಲ್ಲಿನ ಕೊಳೆಯಲ್ಲಿ ಜೀವಿಗಳು ಓಡಾಡೋದನ್ನ ಕಂಡ."

"ಶೋಕೇಸಿಗೆ ಸರಿಹೋಗಲ್ಲ" ಎಂದ ರಮೇಶ.

ಸೀನ ಕಾಫಿ ಲೋಟ ಕೆಳಗಿಟ್ಟ. "ನಮ್ಮ ಸ್ಕೂಲಲ್ಲೂ ಒಂದಿತ್ತು ಕಣೋ. ಗಾಜಿನ ಬೀರುವಿನಲ್ಲಿ, ಬೀಗ ಹಾಕಿ. ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ಮೇಜಿನ ಮೇಲೆ ಬರ್ತಿತ್ತು. ಈರುಳ್ಳಿ ಪೊರೆಯ ಜೀವಕೋಶ ನಾನು ನೋಡಿದ್ದು ಪುಸ್ತಕದ ಚಿತ್ರದಲ್ಲೇ."

"ನಮ್ಮಲ್ಲೂ ಅಷ್ಟೇ" ಎಂದ ರಮೇಶ, ಮೆಲ್ಲಗೆ. "ಅದಕ್ಕೇ ತಗೊಂಡೆ ಅನ್ಸುತ್ತೆ."

"ಹಾಗಾದರೆ ಭಾನುವಾರ ಬರ್ತೇನೆ. ಲೆನ್ಸ್ ಬಿಚ್ಚಿ ಒರೆಸೋಣ. ಈರುಳ್ಳಿ ಇರುತ್ತಲ್ವಾ ಮನೇಲಿ?"

"ಅಯ್ಯೋ, ಅದನ್ನ ಮುಟ್ಟಬೇಡ ಮಾರಾಯ! ಮೊನ್ನೆ ತಾನೇ ಗಾಜಿನ ಡಬ್ಬಿ ಮಾಡಿಸಿದ್ದೇನೆ."