ವಾಲ್ವ್‌ನಲ್ಲಿ ಹೆಪ್ಪು: ಗಂಟಲಿನ ಎಕೋ ಮಾಡಿಸಬೇಕೇ, ಸಿಟಿ ಸಾಕೇ?

ಕೇಳಿದವರು: ಅಮ್ಮನಿಗೆ ಹೃದಯದ ಎಡಭಾಗದ ಮೈಟ್ರಲ್ ಜಾಗದಲ್ಲಿ ಕೃತಕ ವಾಲ್ವ್ ಕೂರಿಸಿ ಆರು ವರ್ಷವಾಯಿತು. ನಿನ್ನೆಯಿಂದ ಎದೆಯ ಟಿಕ್‌ಟಿಕ್ ಮಂಕಾಗಿದೆ. ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ಐಎನ್‌ಆರ್ 1.6, ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಗ್ರೇಡಿಯೆಂಟ್, ಅಂದರೆ ವಾಲ್ವ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ, ಏರಿದೆ. ಹೆಪ್ಪಿನ ಶಂಕೆ. ಒಬ್ಬ ವೈದ್ಯರು ಗಂಟಲಿನ ಎಕೋ (ಗಂಟಲಿನಿಂದ ನಳಿಕೆ ಇಳಿಸಿ ನೋಡುವುದು) ಎನ್ನುತ್ತಾರೆ, ಇನ್ನೊಬ್ಬರು ಸಿಟಿ. ಅನುಭವವಿದ್ದವರು ತಿಳಿಸಿ.

ದಾವಣಗೆರೆಯವರು: ಎರಡೂ ಬೇಡ, ಫ್ಲೋರೋಸ್ಕೋಪಿ (ಚಲನೆ ತೋರಿಸುವ ಎಕ್ಸ್‌ರೇ) ಮಾಡಿಸಿ. ನನ್ನದು ಎರಡು ರೆಕ್ಕೆಯ ವಾಲ್ವ್. 2019ರಲ್ಲಿ ಗಂಟಲಿನ ಎಕೋಗೆ 3,800 ರೂಪಾಯಿ ಕಟ್ಟಿ, ಮೂರು ಸಲ ಓಕರಿಸಿ ಪಡೆದ ವರದಿ ‘ಸ್ಪಷ್ಟವಿಲ್ಲ’. ಕ್ಯಾಥ್ ಲ್ಯಾಬ್‌ನಲ್ಲಿ ಮಲಗಿಸಿ ಎಕ್ಸ್‌ರೇ ಓಡಿಸಿದರೆ ಒಂದು ರೆಕ್ಕೆ ಪಟಪಟ ಬಡಿಯುತ್ತಿದೆ, ಇನ್ನೊಂದು ಮಳೆಗಾಲದ ಕಿಟಕಿಯಂತೆ ಅರ್ಧಕ್ಕೇ ಬಿಗಿದುಕೊಂಡಿದೆ. ಎರಡೇ ನಿಮಿಷ, ರಕ್ತಕ್ಕೆ ಚುಚ್ಚುವ ಡೈ ಸಹ ಬೇಡ.

ಸಾಗರದ ಸೊಸೆ: ಎಲ್ಲರ ಎದೆಯಲ್ಲಿ ನಿಮ್ಮದೇ ವಾಲ್ವ್ ಇರುವುದಿಲ್ಲ. ನಮ್ಮ ಅತ್ತೆಯವರದು ತಿರುವನಂತಪುರದಲ್ಲಿ ರೂಪುಗೊಂಡ ಚಿತ್ರಾ ವಾಲ್ವ್. ಒಂದೇ ಬಿಲ್ಲೆ, ಅದೂ ಪಾಲಿಎಥಿಲೀನ್, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಇದು ಹೊಳೆಯದೆ ಒಂದು ಆಸ್ಪತ್ರೆಯವರು ಬರೀ ಉಂಗುರ ನೋಡುತ್ತಾ ಬೆಳಗು ಕಳೆದರು. ಅಲ್ಲಿಂದ ಮುಂದಕ್ಕೆ ಬಾಡಿಗೆ ಕಾರಿಗೆ 4,200. ಹೆಪ್ಪು ಕಂಡದ್ದು ಗಂಟಲಿನ ಎಕೋದಲ್ಲೇ. ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಅರ್ಧ ಗಂಟೆಯಲ್ಲಿ ಎರಡೂವರೆ ಲಕ್ಷ ಯೂನಿಟ್, ಆಮೇಲೆ ಗಂಟೆಗೊಂದು ಲಕ್ಷ. ಮರುದಿನ ಟಿಕ್‌ಟಿಕ್ ಮರಳಿತು. ಆದರೆ ಹೆಪ್ಪಿನ ಚೂರೊಂದು ಮಿದುಳಿಗೆ ಹೋಗಿತ್ತು. ಅವರ ಎಡಗೈ ಇವತ್ತಿಗೂ ಚಕ್ಕುಲಿ ಒರಳು ಹಿಡಿಯುವುದಿಲ್ಲ.

ದಾವಣಗೆರೆಯವರು: ವಾಲ್ವ್ ಕಾರ್ಡ್‌ನಲ್ಲಿ ಮಾದರಿ ಬರೆದಿರುತ್ತದೆ. ಮೊದಲೇ ತೋರಿಸಬೇಕಿತ್ತು.

ಸಾಗರದ ಸೊಸೆ: ತೋರಿಸಿದ್ದೆವು ಸ್ವಾಮಿ. ಓದುವವರಿರಲಿಲ್ಲ.

ಮೈಸೂರಿನವರು: ಹೆಪ್ಪು, ಹೆಪ್ಪು ಎನ್ನುತ್ತೀರಿ, ಪ್ಯಾನಸ್ ಆಗಿದ್ದರೆ? ವಾಲ್ವ್ ಸುತ್ತ ಬೆಳೆಯುವ ಆ ಗಟ್ಟಿ ಅಂಗಾಂಶ ಯಾವ ಔಷಧಿಗೂ ಕರಗುವುದಿಲ್ಲ. ಸಿಟಿಯಲ್ಲಿ ಸಾಂದ್ರತೆ ಅಳೆಯುತ್ತಾರೆ: 90 ಹೌನ್ಸ್‌ಫೀಲ್ಡ್‌ಗಿಂತ ಕಡಿಮೆ ಇದ್ದರೆ ಹೆಪ್ಪಿನ ಕಡೆಗೆ, 145 ದಾಟಿದರೆ ಪ್ಯಾನಸ್ ಕಡೆಗೆ. ನನ್ನದು 160. ಎರಡನೇ ಸಲ ಎದೆ ತೆರೆಸಿದೆ. ಸಿಟಿಗೆ 14,500, ಡೈ ದೆಸೆಯಿಂದ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 1.3ರಿಂದ 2.1ಕ್ಕೆ ಏರಿ ಒಂಬತ್ತು ದಿನ ಹಾಸಿಗೆ. ಆದರೂ ಪಶ್ಚಾತ್ತಾಪವಿಲ್ಲ.

ಹುಬ್ಬಳ್ಳಿಯವರು: ಎಕೋ, ಸಿಟಿಗಳ ಮಾತು ಆಮೇಲೆ. ಮೈಟ್ರಲ್ ವಾಲ್ವ್ ಇಟ್ಟುಕೊಂಡು ಐಎನ್‌ಆರ್ 1.6 ಹೇಗಾಯಿತು? 2.5ಕ್ಕಿಂತ ಇಳಿಯಬಾರದು. ಹಲ್ಲು ಕೀಳಿಸಲು ರಕ್ತ ತೆಳುಮಾಡುವ ಮಾತ್ರೆ ನಿಲ್ಲಿಸಿದಿರಾ? ನನ್ನ ತಮ್ಮ ಹಾಗೆಯೇ ಮಾಡಿಕೊಂಡ.

ಸಾಗರದ ಸೊಸೆ: ಹೆದರಿ ಕುಳಿತವರಿಗೆ ಈಗ ಪಾಠ ಬೇಕೇ?

ಹುಬ್ಬಳ್ಳಿಯವರು: ತಮ್ಮನಿಗೆ ಯಾರೂ ಪಾಠ ಹೇಳಲಿಲ್ಲ ತಾಯಿ. ಅದಕ್ಕೇ ಹೇಳುತ್ತಿದ್ದೇನೆ.

ಕೇಳಿದವರು: ಹಲ್ಲಿಗೇ ನಿಲ್ಲಿಸಿದ್ದು, ಐದು ದಿನ. ಆಸ್ಪತ್ರೆಗೆ ಹೊರಟಿದ್ದೇವೆ. ಕಾರ್ಡ್ ಸಿಕ್ಕಿತು, ಅಕ್ಷರ ಮಾಸಿದೆ.

ದಾವಣಗೆರೆಯವರು: ಡಿಸ್ಚಾರ್ಜ್ ಚೀಟಿಯಲ್ಲೂ ಇರುತ್ತದೆ, ಹುಡುಕಿ. ಎರಡು ರೆಕ್ಕೆಯದಾದರೆ ನಾನು ಹೇಳಿದ್ದೇ.