ಎರಿ ಹೊಲಕ್ಕ ಆಲ್ ಟೆರೇನ್ ಟೈರು ನಡೀತೈತೇನ್ರಿ?

ಪ್ರಶ್ನೆ: ಸಿಂಧನೂರು ಕಡೆ ನಮ್ಮ ಹೊಲ. ಮಳಿ ಬಂದ್ರ ಬೊಲೆರೊ ಹುಗೀತೈತಿ. ಅಂಗಡ್ಯಾವ ಹಳೇ ವಿಂಟರ್ ಟೈರು ಅಗ್ಗಕ್ಕ ಕೊಡ್ತೀನಂತಾನ. ಅದನ್ನ ತಗೊಳ್ಳಲೇನು, ಇಲ್ಲಾ ಡಾಂಬರು, ಕಚ್ಚಾ ದಾರಿ ಎರಡಕ್ಕೂ ಆಗೂ ಆಲ್ ಟೆರೇನ್ ಹಾಕ್ಸಲೇನು?

ಸಂಡೂರಿನಿಂದ: ವಿಂಟರ್ ಬ್ಯಾಡ್ರಿ ಅಣ್ಣಾರ! ಅದರ ರಬ್ಬರು 7 ಡಿಗ್ರಿಗಿಂತ ಕೆಳಗಿನ ಚಳಿಗೆ ಮೆತ್ತಗ ಮಾಡಿದ್ದು. ನಮ್ಮ 40 ಡಿಗ್ರಿ ಬಿಸಿಲಾಗ ಲಗೂನ ಸವೀತೈತಿ, ಬ್ರೇಕೂ ಸರಿ ಹಿಡಿಯಂಗಿಲ್ಲ. ನಾ ಎರಡು ವರ್ಷದಿಂದ ಆಲ್ ಟೆರೇನ್ ಓಡಸಾಕತ್ತೀನಿ. ಗಣಿ ರಸ್ತೆ ಕಲ್ಲಿಗೆ ಭೇಷ್. ಹಸಿ ಎರಿಯೊಳಗ ಮಾತ್ರ ನಾಕು ಮಾರು ಹೋಗೂದ್ರಾಗ ಪಟ್ಟಿ ಸಂದಿಗೆಲ್ಲ ಮಣ್ಣು ಮೆತ್ತಿ ಟೈರು ನುಣ್ಣಗ ಆಗಿತ್ತು. ಕುರುಪಿ ತಗೊಂಡು ಕೆರದೀನಿ, ಅರ್ಧ ತಾಸು.

ಗಂಗಾವತಿಯಿಂದ: ಕೆಸರಿಗಂತ ಮಾಡಿದ ಮಡ್ ಟೈರಿನ ಸಂದಿ ಅಗಲ, ಮಣ್ಣು ಉದುರ್ತೈತಿ. ಡಾಂಬರಿನ ಮ್ಯಾಲ ಸದ್ದು ಭಾಳ.

ಕೇಳಿದವರು: ನಂದು ಡಾಂಬರೇ ಹೆಚ್ಚು. ಆಲ್ ಟೆರೇನೇ ಹಾಕ್ಸತೀನ್ರಿ, ಮಳ್ಯಾಗ ಗಾಡಿ ರಸ್ತೆಗೇ ನಿಲ್ಸತೀನಿ.